ದೋರಸಮುದ್ರದ ಮುಮ್ಮಡಿ ಬಲ್ಲಾಳ: ಪ್ರವಾದಿಗಳ ಬೆಳಕಿನಲ್ಲಿ ಒಂದು ಜೀವನ

ಮಾತೆ ಮರಿಯಮ್ಮನವರು ತಮ್ಮ ಬಂಧುವಾದ ಎಲಿಜಬೇತಮ್ಮನವರ ಮನೆಯಲ್ಲಿ ಹಾಡಿದ ಸ್ತುತಿಗೀತೆಯನ್ನು ಪವಿತ್ರ ಧರ್ಮಸಭೆಯು ಪ್ರತಿದಿನವೂ ಸಂಜೆಯ ಪ್ರಾರ್ಥನೆಯಲ್ಲಿ ಹಾಡುತ್ತಾ ಬಂದಿದೆ. ಗರ್ವಿಗಳ ಎಣಿಕೆ ದೇವರ ಮುಂದೆ ನಿಲ್ಲದೆಂಬುದೂ, ಗದ್ದುಗೆಯೇರಿದವರು ಕೆಳಗಿಳಿಯುವರೆಂಬುದೂ, ದಿಕ್ಕಿಲ್ಲದವರು ಮೇಲೇಳುವರೆಂಬುದೂ ಆ ಗೀತೆಯ ತಿರುಳಾಗಿದೆ. ಅದು ಅಂದು ಹೊಸದಾಗಿ ಹುಟ್ಟಿದ ವಿಚಾರವಲ್ಲ. ಅದಕ್ಕೆ ಸುಮಾರು ಸಾವಿರ ವರ್ಷಗಳ ಹಿಂದೆ, ಮಕ್ಕಳಿಲ್ಲದೆ ಕಣ್ಣೀರಿಟ್ಟು ಸಮುವೇಲನನ್ನು ಪಡೆದ ಹನ್ನಳು ಇದೇ ರಾಗದಲ್ಲಿ ದೇವರನ್ನು ಕೊಂಡಾಡಿದ್ದಳು. ಯೆಶಾಯ, ಯೆರೆಮೀಯ, ಯೆಜೆಕಿಯೇಲ, ಆಮೋಸ ಮೊದಲಾದ ಪ್ರವಾದಿಗಳು ಇದನ್ನು ಸಾರಿದ್ದರು.

ಈ ಪ್ರವಾದನೆಯ ಅರ್ಥವನ್ನು ತಿಳಿಯಲು ನಾವು ಬಾಬಿಲೋನಿಯದವರೆಗೂ ಹೋಗಬೇಕಾಗಿಲ್ಲ. ಅರಸೀಕೆರೆ, ಬೇಲೂರು, ಹಳೇಬೀಡುಗಳ ನಡುವೆ ಬಾಳುತ್ತಿರುವ ನಮಗೆ ಅದರ ಉದಾಹರಣೆ ಮನೆಯ ಬಾಗಿಲಿನಲ್ಲಿಯೇ ಇದೆ. ಹಳೇಬೀಡು ಎಂದರೆ ಹಾಳಾದ ಹಳೆಯ ಬೀಡು ಎಂದರ್ಥ. ಅದರ ನಿಜನಾಮ ದೋರಸಮುದ್ರ. ಆ ಬೀಡು ಹಳೆಯದಾದ ಬಗೆಯನ್ನು ಅರಿಯಬೇಕಾದರೆ ಅಲ್ಲಿ ಆಳಿದ ಮುಮ್ಮಡಿ ವೀರ ಬಲ್ಲಾಳನ ಜೀವನವನ್ನು ಅರಿಯಬೇಕು. ನಮ್ಮ ದೇವಾಲಯದ ಶತಮಾನೋತ್ಸವದ ಈ ಸಂದರ್ಭದಲ್ಲಿ ಅನ್ಯಧರ್ಮದ ಅರಸನೊಬ್ಬನ ಕಥೆ ಏತಕ್ಕೆಂದು ಕೆಲವರಿಗೆ ಅನ್ನಿಸಬಹುದು. ಪ್ರವಾದಿಗಳು ಇಸ್ರಯೇಲಿನ ಅರಸರ ಕುರಿತಾಗಿ ಮಾತ್ರವಲ್ಲದೆ ಅಸ್ಸೀರಿಯ, ಎದೋಮ್, ಮೋವಾಬ್, ತೂರ್ ನಾಡುಗಳ ಅರಸರ ಕುರಿತಾಗಿಯೂ ನುಡಿದರು. ಎಲ್ಲ ಜನಾಂಗಗಳ ಇತಿಹಾಸವೂ ಒಬ್ಬರೇ ದೇವರ ಕೈಯಲ್ಲಿದೆ ಎಂಬ ನಂಬಿಕೆಯೇ ಇದಕ್ಕೆ ಕಾರಣ.

ಹೊಯ್ಸಳರು ಮಲೆನಾಡಿನ ಅಂಗಡಿ ಎಂಬ ಸಣ್ಣ ಊರಿನಿಂದ ಮೇಲೆದ್ದ ಮನೆತನದವರು. ಅಂಗಡಿಯು ಇಂದು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿಗೆ ಸೇರಿದೆ. ಬೆಟ್ಟದ ನಾಯಕರಾಗಿದ್ದವರು ಎರಡು ಮೂರು ತಲೆಮಾರುಗಳಲ್ಲಿ ಅರಸರಾದರು. ವಿಷ್ಣುವರ್ಧನನು 1117ರಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಪ್ರತಿಷ್ಠೆ ಮಾಡಿಸಿದನು. ಅವನ ಕಾಲದಲ್ಲಿಯೇ ದೋರಸಮುದ್ರದಲ್ಲಿ ಹೊಯ್ಸಳೇಶ್ವರ ದೇವಾಲಯದ ಕೆಲಸ ಮೊದಲಾಯಿತು. ಇಮ್ಮಡಿ ಬಲ್ಲಾಳನ ಆಳ್ವಿಕೆ ಮುಗಿಯುತ್ತಿದ್ದ 1220ರಲ್ಲಿ ಅರಸೀಕೆರೆಯ ಈಶ್ವರ ದೇವಾಲಯ ಎದ್ದಿತು. ಇಂದು ಲೋಕದ ನಾನಾ ಕಡೆಗಳಿಂದ ಜನರು ಬಂದು ನೋಡುವ ಈ ಶಿಲ್ಪಗಳಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳನ್ನು ಯುನೆಸ್ಕೊ ಸಂಸ್ಥೆಯು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದೀನಸ್ಥಿತಿಯಿಂದ ಮೇಲೆದ್ದವರು ಎಷ್ಟು ಎತ್ತರಕ್ಕೆ ಏರಬಲ್ಲರೆಂಬುದಕ್ಕೆ ಹೊಯ್ಸಳರೇ ಸಾಕ್ಷಿ. ಆದರೆ ಮೇಲೇರಿದವನಿಗೆ ತಾನು ಎಲ್ಲಿಂದ ಏರಿದೆನೆಂಬ ನೆನಪು ಉಳಿಯುವುದು ಕಷ್ಟ.

ಮುಮ್ಮಡಿ ಬಲ್ಲಾಳನು ಮೂರನೆಯ ನರಸಿಂಹನ ಮಗನು. 1292ರ ಸುಮಾರಿಗೆ ಅವನು ಪಟ್ಟಕ್ಕೆ ಬಂದಾಗ ರಾಜ್ಯವು ಎರಡು ಹೋಳಾಗಿತ್ತು. ಅವನ ಅಜ್ಜ ಸೋಮೇಶ್ವರನು ಕನ್ನಡ ನಾಡನ್ನು ಒಬ್ಬ ಮಗನಿಗೂ ತಮಿಳು ನಾಡಿನ ಭಾಗವನ್ನು ಇನ್ನೊಬ್ಬ ಮಗನಿಗೂ ಹಂಚಿದ್ದನು. ಅಣ್ಣತಮ್ಮಂದಿರ ಮನೆಗಳು ನಲವತ್ತು ವರ್ಷಗಳಿಗೂ ಮೇಲ್ಪಟ್ಟು ಹೊಡೆದಾಡಿದವು. ಸೊಲೊಮೋನನ ತರುವಾಯ ಇಬ್ಭಾಗವಾದ ಇಸ್ರಯೇಲ್ ಮತ್ತು ಜುದೇಯಗಳ ಕಥೆಯನ್ನು ಬಲ್ಲವರಿಗೆ ಇದು ಅಪರಿಚಿತವಾಗಿ ತೋರದು. 1300ರ ಆಸುಪಾಸಿನಲ್ಲಿ ಬಲ್ಲಾಳನು ಈ ಎರಡು ಭಾಗಗಳನ್ನೂ ಮತ್ತೆ ಒಂದುಗೂಡಿಸಿದನು. ಅದು ಸಣ್ಣ ಸಾಧನೆಯಲ್ಲ. ಅವನು ಧೈರ್ಯಶಾಲಿ, ದಣಿಯದ ಸೇನಾನಿ ಮತ್ತು ಕಾರ್ಯಕುಶಲನೆಂಬುದನ್ನು ಇತಿಹಾಸ ಒಪ್ಪುತ್ತದೆ. ಅವನ ಜೀವನದ ದುರಂತವನ್ನು ಹೇಳುವಾಗ ಈ ಗುಣಗಳನ್ನು ಮರೆಯುವುದು ನ್ಯಾಯವಲ್ಲ.

ಆದರೆ ಒಂದುಗೂಡಿದ ರಾಜ್ಯವು ಅವನ ಮನಸ್ಸಿಗೆ ಸಾಲಲಿಲ್ಲ. ಉತ್ತರದಲ್ಲಿ ದೇವಗಿರಿಯ ಯಾದವರೊಡನೆ ಹಗೆತನ ಬೆಳೆದಿತ್ತು. ದಕ್ಷಿಣದಲ್ಲಿ ಪಾಂಡ್ಯ ದೇಶದ ಇಬ್ಬರು ರಾಜಕುಮಾರರು, ಸುಂದರ ಪಾಂಡ್ಯ ಮತ್ತು ವೀರ ಪಾಂಡ್ಯರು, ಗದ್ದುಗೆಗಾಗಿ ಕಾದಾಡುತ್ತಿದ್ದರು. ಆ ಜಗಳದಲ್ಲಿ ಲಾಭವಿದೆಯೆಂದು ಕಂಡ ಬಲ್ಲಾಳನು ಸೇನೆಯನ್ನು ಕರೆದುಕೊಂಡು ದಕ್ಷಿಣಕ್ಕೆ ನಡೆದನು. ರಾಜಧಾನಿಯ ಕಾವಲು ತೆಳುವಾಯಿತು. ಅದೇ ಸಮಯಕ್ಕೆ ದೆಹಲಿಯ ಸುಲ್ತಾನ ಅಲ್ಲಾವುದ್ದೀನ್ ಖಿಲ್ಜಿಯ ಸೇನಾಪತಿ ಮಲಿಕ್ ಕಾಫೂರನು ದೇವಗಿರಿಗೆ ಬಂದು ತಲುಪಿದ್ದನು. ಅಲ್ಲಿನ ಯಾದವ ದೊರೆಯು ತನ್ನ ನೆರೆಯವನ ಮೇಲಣ ಹಗೆಯಿಂದ ಆ ಸೇನೆಗೆ ದಾರಿ ತೋರಿಸಿ ನೆರವಾದನು. 1311ರ ಫೆಬ್ರವರಿ ಕೊನೆಯಲ್ಲಿ ದೆಹಲಿಯ ಕುದುರೆಸೇನೆಯು ದೋರಸಮುದ್ರದ ಕೋಟೆಯ ಮುಂದೆ ನಿಂತಿತು. ನೆರೆಯವನ ಮನೆ ಉರಿಯುವಾಗ ಚಳಿ ಕಾಯಿಸಿಕೊಳ್ಳಲು ಹೊರಟವನ ಮನೆಗೇ ಬೆಂಕಿ ಬಿತ್ತು.

ಬಲ್ಲಾಳನು ಅವಸರದಿಂದ ಹಿಂದಿರುಗಿದನು. ಶತ್ರುವಿನ ಬಲವನ್ನು ತಿಳಿದುಕೊಂಡು ಸಂಧಾನಕ್ಕೆ ಒಪ್ಪಿದನು. ಆನೆ, ಕುದುರೆ, ತಲೆಮಾರುಗಳಿಂದ ಕೂಡಿಟ್ಟ ಭಂಡಾರ ಎಲ್ಲವನ್ನೂ ಕೊಟ್ಟನು. ಕಪ್ಪ ಸಲ್ಲಿಸುವುದಾಗಿ ಮಾತು ಕೊಟ್ಟನು. ಪಾಂಡ್ಯ ದೇಶಕ್ಕೆ ಹೊರಟ ಅದೇ ಸೇನೆಗೆ ದಾರಿ ತೋರಿಸುವ ಕೆಲಸವೂ ಅವನ ಪಾಲಿಗೆ ಬಂದಿತು. ಅವನ ಮಗನು ದೆಹಲಿಗೆ ಹೋಗಬೇಕಾಯಿತು. ಆ ಕುಮಾರನು 1313ರಲ್ಲಿ ಹಿಂದಿರುಗಿ ಬಂದ ಸಂತೋಷವು ಶಾಸನದಲ್ಲಿಯೇ ದಾಖಲಾಗಿದೆ. ಮಗನನ್ನು ದೂರದೇಶಕ್ಕೆ ಕಳುಹಿಸಿ ದಾರಿ ಕಾದ ಯಾವ ತಂದೆಗೂ ಆ ಸಂತೋಷ ಅರ್ಥವಾಗುತ್ತದೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಜುದೇಯದ ಕೊನೆಯ ಅರಸನಾದ ಚಿದ್ಕೀಯನಿಗೆ ಪ್ರವಾದಿ ಯೆರೆಮೀಯನು ಇಂತಹದೇ ಸಂಕಟದಲ್ಲಿ ಶರಣಾಗುವಂತೆ ಬುದ್ಧಿ ಹೇಳಿದ್ದನು. ಮಾನಕ್ಕೆ ಅಂಜಿಯೋ, ಆಸ್ಥಾನಿಕರಿಗೆ ಹೆದರಿಯೋ ಚಿದ್ಕೀಯನು ಕೇಳಲಿಲ್ಲ. ಕ್ರಿಸ್ತಪೂರ್ವ 587ರಲ್ಲಿ ಜೆರುಸಲೇಮ್ ಸುಟ್ಟುಹೋಯಿತು. ಅವನ ಕಣ್ಣೆದುರಿನಲ್ಲಿಯೇ ಮಕ್ಕಳನ್ನು ಕೊಂದು, ಬಳಿಕ ಅವನ ಕಣ್ಣುಗಳನ್ನು ಕಿತ್ತರು. ಚಿದ್ಕೀಯನಿಂದ ಆಗದ ಕೆಲಸವನ್ನು ಬಲ್ಲಾಳನು 1311ರಲ್ಲಿ ಮಾಡಿದನು. ತಲೆಬಾಗಿದನು, ಮತ್ತು ನಗರವು ಆ ಬಾರಿಗೆ ಉಳಿಯಿತು. ತಗ್ಗುವುದರಿಂದ ಜನರ ಪ್ರಾಣ ಉಳಿಯುವುದಾದರೆ ಆ ತಗ್ಗುವಿಕೆ ಅಪಮಾನವಲ್ಲವೆಂದು ನಮ್ಮ ಅಭಿಪ್ರಾಯ.

ಆದರೆ ಮನುಷ್ಯನು ಒಮ್ಮೆ ಕಲಿತ ಪಾಠ ಜೀವನಪರ್ಯಂತ ಉಳಿಯುವುದಿಲ್ಲ. ಹದಿನಾರು ವರ್ಷಗಳು ಕಳೆದ ಮೇಲೆ, 1327ರಲ್ಲಿ, ಬಲ್ಲಾಳನಿಗೆ ಇನ್ನೊಂದು ಪರೀಕ್ಷೆ ಎದುರಾಯಿತು. ದೆಹಲಿಯಲ್ಲಿ ಆಗ ಮುಹಮ್ಮದ್ ಬಿನ್ ತುಘಲಕ್ ಆಳುತ್ತಿದ್ದನು. ಅವನ ಹತ್ತಿರದ ಸಂಬಂಧಿಯಾದ ಬಹಾವುದ್ದೀನ್ ಗುರ್ಶಾಸ್ಪ್ ಎಂಬುವನು ದಂಗೆಯೆದ್ದು ಸೋತು, ಪ್ರಾಣಭಯದಿಂದ ಕಂಪಿಲಿಗೆ ಓಡಿಬಂದನು. ಜನಪದರು ಇಂದಿಗೂ ಕೊಂಡಾಡುವ ಕುಮಾರರಾಮನ ತಂದೆ ಕಂಪಿಲರಾಯನು ಅವನಿಗೆ ಆಶ್ರಯ ಕೊಟ್ಟನು. ಆ ಒಬ್ಬ ಶರಣಾಗತನಿಗಾಗಿ ಕಂಪಿಲರಾಯನು ರಾಜ್ಯವನ್ನೂ ಮನೆತನವನ್ನೂ ತನ್ನ ಪ್ರಾಣವನ್ನೂ ಕಳೆದುಕೊಂಡನು. ಸಾಯುವ ಮುಂಚೆ ಅವನನ್ನು ನೆರೆಯ ದೊರೆಯ ಬಳಿಗೆ ಕಳುಹಿಸಿದನು. ಆ ನೆರೆಯ ದೊರೆ ಬಲ್ಲಾಳನೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಬಲ್ಲಾಳನು ಆಶ್ರಯ ಬೇಡಿ ಬಂದವನನ್ನು ಸುಲ್ತಾನನ ಸೇನೆಗೆ ಒಪ್ಪಿಸಿಬಿಟ್ಟನು. ಸುಲ್ತಾನನು ಆ ಬಂದಿಯ ಚರ್ಮವನ್ನು ಸುಲಿಸಿ, ಅದಕ್ಕೆ ಹುಲ್ಲು ತುಂಬಿಸಿ ಊರೂರಿಗೆ ಪ್ರದರ್ಶಿಸಿದನು.

ಹಳೆಯ ಒಡಂಬಡಿಕೆಯಲ್ಲಿ ಓಬದ್ಯನ ಗ್ರಂಥವೆಂಬುದೊಂದಿದೆ. ಇಪ್ಪತ್ತೊಂದೇ ವಚನಗಳ ಆ ಗ್ರಂಥವು ಪ್ರವಾದಿಗಳ ಗ್ರಂಥಗಳಲ್ಲೆಲ್ಲ ಚಿಕ್ಕದು. ದೇವಾಲಯದಲ್ಲಿ ಅದನ್ನು ಓದುವ ಸಂದರ್ಭಗಳು ವಿರಳ. ಬಂಡೆಗಳ ನಡುವೆ ಎತ್ತರದಲ್ಲಿ ಕೋಟೆ ಕಟ್ಟಿಕೊಂಡು, ತನ್ನನ್ನು ಕೆಳಗಿಳಿಸುವವರು ಯಾರೂ ಇಲ್ಲವೆಂದು ಬೀಗುತ್ತಿದ್ದ ಎದೋಮ್ ನಾಡಿನ ಅಹಂಕಾರವನ್ನು ಪ್ರವಾದಿಯು ಅಲ್ಲಿ ಖಂಡಿಸುತ್ತಾನೆ. ಎದೋಮಿನವರ ಗರ್ವವು ಯಾವ ಕೃತ್ಯದಲ್ಲಿ ಕಾಣಿಸಿತೆಂಬುದನ್ನೂ ಹೇಳುತ್ತಾನೆ. ಜೆರುಸಲೇಮ್ ಬಿದ್ದ ದಿನ ಅವರು ದೂರದಲ್ಲಿ ನಿಂತು ನೋಡಿದರು, ಕೊಳ್ಳೆಯಲ್ಲಿ ಪಾಲು ತೆಗೆದುಕೊಂಡರು, ತಪ್ಪಿಸಿಕೊಂಡು ಓಡಿಬಂದವರನ್ನು ಹಿಡಿದು ಶತ್ರುವಿಗೆ ಕೊಟ್ಟರು. ಯೆಶಾಯನೂ ಮೋವಾಬಿನ ನಿರಾಶ್ರಿತರ ಕುರಿತು ನುಡಿಯುತ್ತಾ, ಓಡಿಬಂದವರನ್ನು ಮರೆಮಾಡಿ ಕಾಪಾಡಬೇಕೆಂಬ ಕರ್ತವ್ಯವನ್ನು ನೆನಪಿಸುತ್ತಾನೆ.

ಇದರಿಂದ ನಮಗೆ ದೊರೆಯುವ ತಿಳಿವಳಿಕೆ ದೊಡ್ಡದು. ಗರ್ವವೆಂದರೆ ಕಿರೀಟ, ಮೆರವಣಿಗೆ, ಎತ್ತರದ ಗೋಪುರಗಳೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಪ್ರವಾದಿಗಳ ಕಣ್ಣಿಗೆ ಗರ್ವವು ಬೇರೆ ಕಡೆಯಲ್ಲಿ ಕಾಣುತ್ತದೆ. ನನ್ನ ಮನೆ ಉಳಿಯಲಿ, ಬಾಗಿಲಿಗೆ ಬಂದವನು ಏನಾದರೂ ಆಗಲಿ ಎಂಬ ಲೆಕ್ಕಾಚಾರವೇ ಗರ್ವದ ಬೇರು. 1311ರಲ್ಲಿ ಬಲ್ಲಾಳನು ತನ್ನ ಭಂಡಾರವನ್ನು ಕೊಟ್ಟು ಜನರನ್ನು ಉಳಿಸಿದನು. 1327ರಲ್ಲಿ ಒಬ್ಬ ಮನುಷ್ಯನನ್ನು ಕೊಟ್ಟು ತನ್ನ ರಾಜ್ಯವನ್ನು ಉಳಿಸಿಕೊಳ್ಳಲು ನೋಡಿದನು. ಹೊರಗಿನಿಂದ ಎರಡೂ ತಲೆಬಾಗುವಿಕೆಯೇ. ಒಳಗಿನಿಂದ ಅವುಗಳಿಗೆ ಅಜಗಜಾಂತರ.

ಆ ಲೆಕ್ಕಾಚಾರದಿಂದ ರಾಜಧಾನಿಯೂ ಉಳಿಯಲಿಲ್ಲ. ಅದೇ ವರ್ಷಗಳಲ್ಲಿ ದೋರಸಮುದ್ರವು ದೆಹಲಿಯ ಸೇನೆಯ ಹೊಡೆತಕ್ಕೆ ಮತ್ತೆ ಸಿಕ್ಕಿತು. ಬಲ್ಲಾಳನು ತನ್ನ ಬೀಡನ್ನು ತಮಿಳು ನಾಡಿನ ತಿರುವಣ್ಣಾಮಲೆಗೆ ಸಾಗಿಸಿದನು. ಎರಡು ಶತಮಾನಗಳ ಸಿರಿಯನ್ನು ಕಂಡ ದೋರಸಮುದ್ರವು ಹಾಳುಬಿದ್ದಿತು. ಹೊಯ್ಸಳೇಶ್ವರ ದೇವಾಲಯದ ಕೆಳಪಟ್ಟಿಕೆಯಲ್ಲಿ ಸಾಲುಗಟ್ಟಿ ನಡೆಯುವ ಕಲ್ಲಿನ ಆನೆಗಳು ಉಳಿದವು. ಲಾಯದಲ್ಲಿದ್ದ ಆನೆಗಳು ಹೋದವು.

1335ರಲ್ಲಿ ಮಧುರೆಯಲ್ಲಿ ಒಬ್ಬ ಅಧಿಕಾರಿಯು ದೆಹಲಿಯಿಂದ ಬೇರ್ಪಟ್ಟು ಸ್ವತಂತ್ರ ಸುಲ್ತಾನನಾದನು. ಮುಪ್ಪಿನಲ್ಲಿದ್ದ ಬಲ್ಲಾಳನು ಅವನ ಉತ್ತರಾಧಿಕಾರಿಗಳೊಡನೆ ಹೋರಾಟ ಹೂಡಿದನು. 1342-43ರಲ್ಲಿ ಕಣ್ಣನೂರು ಕೊಪ್ಪಕ್ಕೆ ಮುತ್ತಿಗೆ ಹಾಕಿ ಗೆಲುವಿನ ಅಂಚಿಗೆ ಬಂದನು. ಕೋಟೆಯ ಒಳಗಿದ್ದವರು ತಮ್ಮ ಸುಲ್ತಾನನನ್ನು ಕೇಳಿ ಬರಲು ಕೆಲವು ದಿನಗಳ ಬಿಡುವು ಬೇಡಿದರು. ಬಲ್ಲಾಳನು ಒಪ್ಪಿದನು. ಆ ಬಿಡುವಿನಲ್ಲಿ ಸುಲ್ತಾನ ಘಿಯಾಸುದ್ದೀನನು ಸೇನೆಯೊಡನೆ ಬಂದು, ಮಧ್ಯಾಹ್ನದ ವಿಶ್ರಾಂತಿಯಲ್ಲಿದ್ದ ಪಾಳೆಯದ ಮೇಲೆ ಬಿದ್ದನು. ಸುಮಾರು ಎಂಬತ್ತು ವಯಸ್ಸಿನ ಅರಸನು ಸೆರೆಸಿಕ್ಕಿದನು. ಬಿಡುಗಡೆಯ ಆಸೆ ತೋರಿಸಿ ಅವನ ಐಶ್ವರ್ಯವನ್ನೆಲ್ಲ ಕಿತ್ತುಕೊಂಡ ಮೇಲೆ ಸುಲ್ತಾನನು ಅವನನ್ನು ಕೊಲ್ಲಿಸಿ, ಚರ್ಮ ಸುಲಿಸಿ, ಹುಲ್ಲು ತುಂಬಿಸಿ ಮಧುರೆಯ ಗೋಡೆಗೆ ತೂಗುಹಾಕಿಸಿದನು. ಆಗ ಅಲ್ಲಿಗೆ ಬಂದಿದ್ದ ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತನು ಅದನ್ನು ತನ್ನ ಕಣ್ಣಿನಿಂದಲೇ ಕಂಡು ಬರೆದಿಟ್ಟಿದ್ದಾನೆ. ಬಲ್ಲಾಳನ ಮಗನು ಎರಡು ಮೂರು ವರ್ಷ ಹೆಸರಿಗೆ ಅರಸನಾಗಿದ್ದನು. 1346ರ ಹೊತ್ತಿಗೆ ಹೊಯ್ಸಳ ವಂಶವು ಮುಗಿದು ಆ ನೆಲವು ವಿಜಯನಗರದ ಕೈಸೇರಿತು.

ತಾನು ಒಪ್ಪಿಸಿಕೊಟ್ಟ ಶರಣಾಗತನಿಗಾದ ಗತಿಯೇ ಹದಿನೈದು ಹದಿನಾರು ವರ್ಷಗಳಲ್ಲಿ ಬಲ್ಲಾಳನಿಗೂ ಆದುದನ್ನು ಓದುವಾಗ, ಅಳೆದ ಅಳತೆಯ ಕುರಿತಾದ ಪ್ರಭು ಯೇಸುಕ್ರಿಸ್ತರ ಬೋಧನೆ ತಾನಾಗಿಯೇ ನೆನಪಿಗೆ ಬರುತ್ತದೆ. ಆದರೆ ಇದನ್ನು ದೇವರ ಶಿಕ್ಷೆಯೆಂದು ಸಾರಲು ನಮಗೆ ಅಧಿಕಾರವಿಲ್ಲ. ಸಿಲೋವಾಮಿನ ಗೋಪುರ ಕುಸಿದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂದು ಎಣಿಸಬಾರದೆಂದು ಪ್ರಭುವೇ ಎಚ್ಚರಿಸಿದ್ದಾರೆ. ಬಲ್ಲಾಳನ ಆತ್ಮದ ತೀರ್ಪು ದೇವರಿಗೆ ಸೇರಿದುದು. ನಮಗೆ ಸೇರಿದುದು ನಮ್ಮ ಪರಿವರ್ತನೆ.

ಇದಲ್ಲದೆ, ಅವನನ್ನು ಕೆಡವಿದವರು ದೇವರ ಮೆಚ್ಚಿನವರೆಂದು ಯಾರೂ ತಿಳಿಯಬಾರದು. ಮರ ಕಡಿಯುವ ಕೊಡಲಿಯು ತನ್ನನ್ನು ಹಿಡಿದ ಕೈಗಿಂತ ದೊಡ್ಡದೆಂದು ಜಂಬ ಪಡುವುದುಂಟೇ ಎಂಬ ಉಪಮೆಯಿಂದ ಯೆಶಾಯನು ಅಸ್ಸೀರಿಯದ ಅರಸನನ್ನು ಎಚ್ಚರಿಸಿದ್ದನು. ಮಲಿಕ್ ಕಾಫೂರನು ಗುಜರಾತಿನಲ್ಲಿ ಕೊಳ್ಳೆಯ ಜೊತೆಗೆ ಸಿಕ್ಕ ಗುಲಾಮನು. ಕೆಳಗಿನಿಂದ ಎತ್ತಲ್ಪಟ್ಟವನು ತಾನೇ ತುಳಿಯುವವನಾದನು. ಅಲ್ಲಾವುದ್ದೀನನು 1316ರಲ್ಲಿ ತೀರಿಕೊಂಡ ಮೇಲೆ ಅಧಿಕಾರವನ್ನೆಲ್ಲ ಕೈಗೆ ತೆಗೆದುಕೊಂಡ ಕಾಫೂರನನ್ನು ಕೆಲವೇ ವಾರಗಳಲ್ಲಿ ಅರಮನೆಯ ಕಾವಲುಗಾರರೇ ಕೊಂದರು. ಖಿಲ್ಜಿ ಮನೆತನವು 1320ರಲ್ಲಿ ಅಳಿಯಿತು. ಮಧುರೆಯ ಘಿಯಾಸುದ್ದೀನನ ಮಗ, ಹೆಂಡತಿ, ತಾಯಿ ಮೂವರೂ ಸ್ವಲ್ಪ ಕಾಲದಲ್ಲೇ ಸಾಂಕ್ರಾಮಿಕ ಜಾಡ್ಯಕ್ಕೆ ತುತ್ತಾದರು. ಅವನೂ ಬೇಗನೆ ತೀರಿಕೊಂಡನು. ಮಧುರೆಯ ಸುಲ್ತಾನರ ಆಳ್ವಿಕೆಯೂ ಆ ಶತಮಾನ ಮುಗಿಯುವ ಮುಂಚೆಯೇ ಕೊನೆಗೊಂಡಿತು. ಇಲ್ಲಿ ಒಂದು ಧರ್ಮದವರು ಗೆದ್ದರು, ಇನ್ನೊಂದು ಧರ್ಮದವರು ಸೋತರು ಎಂದು ಲೆಕ್ಕ ಬರೆಯುವುದು ಇತಿಹಾಸವೂ ಅಲ್ಲ, ಪ್ರವಾದನೆಯೂ ಅಲ್ಲ. ಕೊಡಲಿಯೂ ಮುರಿಯಿತು, ಮರವೂ ಬಿದ್ದಿತು.

ಹಾಗಾದರೆ ಮರಿಯಮ್ಮನವರ ಸ್ತುತಿಗೀತೆಯ ಎರಡನೆಯ ಭಾಗ ಏನಾಯಿತು? ಗರ್ವಿಗಳು ಇಳಿದರು, ಸರಿ, ಬಡವರು ಮೇಲೆದ್ದರೇ? ಈ ಪ್ರಶ್ನೆಯನ್ನು ನಾವು ಹಾರಿಸಿ ಮುಂದೆ ಹೋಗಲಾಗದು. ಅರಸರು ಬಿದ್ದಾಗ ಮೊದಲು ನರಳುವವರು ಬಡವರೇ. ಕಪ್ಪವಾಗಿ ಹೋದ ಹೊನ್ನು ಒಕ್ಕಲಿಗನ ಬೆವರು. ಸೇನೆಗಳು ತುಳಿದದ್ದು ಅವನ ಹೊಲ. ದೋರಸಮುದ್ರದ ಪತನದಿಂದ ಅಲ್ಲಿನ ಕುಂಬಾರನೋ ಅಗಸನೋ ಮರುದಿನವೇ ಸುಖಿಯಾದನೆಂದು ಹೇಳಿದರೆ ಅದು ಸುಳ್ಳಾಗುತ್ತದೆ.

ಅರಸರ ಎರಡನೆಯ ಗ್ರಂಥದ ಕೊನೆಯ ಅಧ್ಯಾಯದಲ್ಲಿ, ಜೆರುಸಲೇಮನ್ನು ಸುಟ್ಟ ಬಾಬಿಲೋನಿಯದವರು ನಾಡಿನ ಕಡುಬಡವರನ್ನು ಮಾತ್ರ ದ್ರಾಕ್ಷಿತೋಟಗಳನ್ನೂ ಹೊಲಗಳನ್ನೂ ನೋಡಿಕೊಳ್ಳಲು ಬಿಟ್ಟು ಹೋದರೆಂಬ ಸಣ್ಣ ಸಂಗತಿ ಬರುತ್ತದೆ. ಅರಸನು ಹೋದನು, ಆಸ್ಥಾನಿಕರು ಹೋದರು, ಉಳುವವನು ಉಳಿದನು. ಹಳೇಬೀಡಿನಲ್ಲೂ ಹಾಗೆಯೇ ಆಯಿತು. ಬಲ್ಲಾಳನ ಅರಮನೆಯ ಒಂದು ಕಂಬವೂ ಇಂದು ನೆಟ್ಟಗೆ ನಿಂತಿಲ್ಲ. ಆದರೆ ಊರಿಗೆ ಹೆಸರು ಕೊಟ್ಟ ಕೆರೆಯು ಇಂದಿಗೂ ಇದೆ. ಹಳೆಯ ರಾಜಧಾನಿಯ ನೆಲದಲ್ಲಿ ರಾಗಿಯೂ ಜೋಳವೂ ಬೆಳೆಯುತ್ತವೆ. ದೇವರು ಬಡವರನ್ನು ಎತ್ತುವುದು ಅವರನ್ನು ಇನ್ನೊಂದು ಸಿಂಹಾಸನದ ಮೇಲೆ ಕೂರಿಸಿ ಅಲ್ಲ. ಹಾಗೆ ಮಾಡಿದರೆ ಇನ್ನೊಬ್ಬ ಮಲಿಕ್ ಕಾಫೂರನು ಹುಟ್ಟುತ್ತಾನೆ, ಅಷ್ಟೇ. ಅವರಿಗೆ ಬಾಳುವ ನೆಲ, ಅನ್ನ, ಮಾನ ದೊರೆಯುವಂತೆ ಮಾಡಿ ಎತ್ತುತ್ತಾರೆ. ಆ ಕೆಲಸಕ್ಕೆ ಮನುಷ್ಯರ ಕೈಗಳನ್ನೇ ಬಳಸುತ್ತಾರೆ.

ನಮ್ಮ ಹಾಸನ ಜಿಲ್ಲೆಯಲ್ಲಿಯೇ ಅಂತಹ ಕೈಗಳನ್ನು ಕಂಡಿದ್ದೇವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಬಡ ಕ್ರೈಸ್ತರನ್ನು ಫ್ರಾನ್ಸ್ ದೇಶದ ಗುರು ಅಬ್ಬೆ ದ್ಯುಬುವಾ ಅವರು ಹುಡುಕಿ ಒಟ್ಟುಗೂಡಿಸಿದರು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ಅವರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಮೈಸೂರು ಸೀಮೆಯಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಸಿಡುಬಿನ ಲಸಿಕೆ ಹಾಕಿಸಿದರು. ಯಾವ ಧರ್ಮದವರೆಂದು ಸಿಡುಬು ಕೇಳುವುದಿಲ್ಲವಾದುದರಿಂದ ಅವರೂ ಕೇಳಲಿಲ್ಲ. 1823ರಲ್ಲಿ ಅವರು ತಾಯ್ನಾಡಿಗೆ ಹಿಂದಿರುಗಿದರು. ಅವರು ಕಟ್ಟಿಸಿದ ಕೋಟೆ ಒಂದೂ ಇಲ್ಲ. ಆದರೆ ಸಾತಹಳ್ಳಿ ಇದೆ.

ಶತಮಾನೋತ್ಸವವನ್ನು ಆಚರಿಸುತ್ತಿರುವ ನಾವು ಹಳೇಬೀಡನ್ನು ಮಾತ್ರ ತೋರಿಸಿ ಪಾಠ ಹೇಳಿದರೆ ಅದೂ ಒಂದು ಬಗೆಯ ಗರ್ವವಾದೀತು. ಹೇಮಾವತಿಯ ತೀರದ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಗುರುಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ ಜಪಮಾಲೆ ಮಾತೆಯ ಭವ್ಯ ದೇವಾಲಯವು ಗೊರೂರಿನ ಅಣೆಕಟ್ಟೆಯ ಹಿನ್ನೀರಿನಲ್ಲಿ ಪಾಳುಬಿದ್ದಿದೆ. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಗೆಯಲ್ಲಿ ಮೇಲೇಳುತ್ತದೆ. ಅಲ್ಲಿನ ಗೋಡೆಗಳೂ ಕಲ್ಲುಗಾರೆಯವೇ. ಅಲ್ಲಿನ ಭಕ್ತಾದಿಗಳು ಬೇರೆ ಕಡೆಗೆ ಹೋಗಿ ಬಾಳು ಕಟ್ಟಿಕೊಂಡರು. ಅವರ ವಿಶ್ವಾಸ ಮುಳುಗಲಿಲ್ಲ. ಕಟ್ಟಡವು ಧರ್ಮಸಭೆಯಲ್ಲ, ಜನರೇ ಧರ್ಮಸಭೆ ಎಂಬುದನ್ನು ಶೆಟ್ಟಿಹಳ್ಳಿಯು ಹಳೇಬೀಡಿಗಿಂತಲೂ ಚೆನ್ನಾಗಿ ಕಲಿಸುತ್ತದೆ.

ನೂರು ವರ್ಷಗಳ ಲೆಕ್ಕ ಒಪ್ಪಿಸುವಾಗ ನಮ್ಮ ಗೋಪುರದ ಎತ್ತರವನ್ನೂ ಗಂಟೆಯ ತೂಕವನ್ನೂ ದೇವರು ಕೇಳಲಾರರು. ಓಬದ್ಯನ ಮೂಲಕ ಎದೋಮನ್ನು ಕೇಳಿದುದನ್ನೇ ಕೇಳುವರು. ಕಷ್ಟದ ದಿನ ನಿಮ್ಮ ಬಾಗಿಲಿಗೆ ಬಂದವರನ್ನು ಏನು ಮಾಡಿದಿರಿ? ಸಾಲದ ಭಾರದಿಂದ ಊರು ಬಿಟ್ಟ ಒಕ್ಕಲಿನವನು, ಕಾಫಿ ತೋಟಕ್ಕೆ ದೂರದ ನಾಡಿನಿಂದ ಕೂಲಿಗೆ ಬಂದು ನಮ್ಮ ಭಾಷೆಯರಿಯದ ಕುಟುಂಬ, ಗಂಡನ ಮನೆಯಿಂದ ಹೊರದೂಡಲ್ಪಟ್ಟ ಹೆಣ್ಣುಮಗಳು, ಮಕ್ಕಳಿಗೆ ಬೇಡವಾದ ವೃದ್ಧರು, ಇವರೇ ಇಂದು ಕೋಟೆಯ ಬಾಗಿಲಲ್ಲಿ ನಿಂತ ಶರಣಾಗತರು. ಅವರನ್ನು ಒಪ್ಪಿಸಿಬಿಟ್ಟು ನಾವು ಉಳಿಯುತ್ತೇವೆಂದು ಎಣಿಸಿದರೆ ನಮ್ಮ ಬೀಡೂ ಹಳೆಯದಾಗುವುದಕ್ಕೆ ತಡವಿಲ್ಲ. ಅವರನ್ನು ಒಳಗೆ ಕರೆದುಕೊಂಡರೆ ಮರಿಯಮ್ಮನವರ ಸ್ತುತಿಗೀತೆಯ ಎರಡನೆಯ ಭಾಗವು ನಮ್ಮ ಧರ್ಮಕೇಂದ್ರದಲ್ಲಿ ನೆರವೇರುತ್ತದೆ.

ದೀನರ ತಾಯಿಯಾದ ಮಾತೆ ಮರಿಯಮ್ಮನವರು ಈ ಶತಮಾನೋತ್ಸವದ ವರ್ಷದಲ್ಲಿ ನಮ್ಮೆಲ್ಲರಿಗಾಗಿ ತಮ್ಮ ದಿವ್ಯಪುತ್ರರಲ್ಲಿ ಬಿನ್ನವಿಸಲಿ. ಮುಂದಿನ ನೂರು ವರ್ಷಗಳಲ್ಲಿ ಈ ದೇವಾಲಯದ ಬಾಗಿಲು ಶರಣು ಬಂದ ಯಾರಿಗೂ ಮುಚ್ಚದಿರಲಿ ಎಂದು ನಾವು ಪ್ರಾರ್ಥಿಸುತ್ತೇವೆ.